ಅಪ್‌ಡೇಟ್: ಜಿಟಿ ಮೀನು ಎಳೆದಾಗ ಲೀಡರ್ ಗಂಟು ಜಾರುತ್ತಿದ್ದ ಸಮಸ್ಯೆ
ಹೋದ ವಾರ ಕೇಳಿದ್ದೆ: ಅಂಡಮಾನ್‌ನ ಸ್ವರಾಜ್ ದ್ವೀಪದ ಹತ್ತಿರ ಪಾಪರ್ (ನೀರಿನ ಮೇಲೆ ಸದ್ದು ಮಾಡುವ ಕೃತಕ ಮೀನು) ಎಸೆದು ಜೈಂಟ್ ಟ್ರೆವಲಿ, ಅಂದರೆ ಜಿಟಿ ಹಿಡಿಯುವಾಗ, ಮೀನು ಕಚ್ಚಿ ಓಡಿದ ತಕ್ಷಣ ರೀಲ್‌ನಲ್ಲಿರುವ ಬ್ರೇಡ್ ಅಂದರೆ ಹೆಣೆದ ದಾರಕ್ಕೂ, ಅದರ ತುದಿಗೆ ಕಟ್ಟುವ ದಪ್ಪ ನೈಲಾನ್ ದಾರವಾದ ಲೀಡರ್‌ಗೂ ಹಾಕಿದ ಗಂಟು ಜಾರಿಹೋಗುತ್ತಿದೆ, ಏನು ಮಾಡಲಿ ಅಂತ. ಈಗ ಸರಿಹೋಯಿತು.

ಕೆಲಸಕ್ಕೆ ಬಂದದ್ದು ಎಫ್‌ಜಿ ಗಂಟು. ಅದನ್ನು ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಇದರಲ್ಲಿ ಲೀಡರ್ ಬಗ್ಗುವುದೇ ಇಲ್ಲ, ನೆಟ್ಟಗಿರುತ್ತದೆ. ಬ್ರೇಡ್ ಅದರ ಮೇಲೆ ಜಡೆ ಹೆಣೆದ ಹಾಗೆ ಸುತ್ತಿಕೊಳ್ಳುತ್ತದೆ. ಎಳೆದಷ್ಟೂ ಬಿಗಿ. ತೆಳ್ಳಗಿರುವುದರಿಂದ ರಾಡ್‌ನ ಗೈಡ್‌ಗಳಲ್ಲಿ (ದಾರ ಹಾದುಹೋಗುವ ಬಳೆಗಳಲ್ಲಿ) ಸಲೀಸಾಗಿ ಹೋಗುತ್ತದೆ.

ಲೀಡರ್ ಇನ್ನೂ ದಪ್ಪ ಹಾಕಿ ಎಂಬ ಸಲಹೆ ನನಗೆ ಆಗಿಬರಲಿಲ್ಲ. ಗಂಟು ಗೈಡ್‌ಗೆ ತಾಗಿ ಎಸೆತದ ದೂರವೇ ಕಡಿಮೆಯಾಯಿತು. ಡ್ರ್ಯಾಗ್ (ಮೀನು ದಾರ ಎಳೆದುಕೊಂಡು ಹೋಗದಂತೆ ತಡೆಯುವ ರೀಲಿನ ಬ್ರೇಕ್) ಸಡಿಲ ಮಾಡುವುದಂತೂ ಬೇಡವೇ ಬೇಡ. ಜಿಟಿ ಕಚ್ಚಿದ ಕೂಡಲೇ ಹವಳದ ಬಂಡೆ ಕಡೆಗೇ ನುಗ್ಗುತ್ತದೆ ಅಲ್ವಾ, ತಡೆಯದಿದ್ದರೆ ದಾರ ಉಜ್ಜಿ ಕಡಿದುಹೋಗುತ್ತದೆ.

ಹೊಸದಾಗಿ ಗೊತ್ತಾದ ವಿಷಯ: ಬಿಗಿಯುವ ಮುಂಚೆ ಗಂಟನ್ನು ಒದ್ದೆ ಮಾಡಿ, ಗ್ಲೌಸ್ ಹಾಕಿಕೊಂಡು ಜೋರಾಗಿ ಎಳೆಯಬೇಕು. ಸರಿಯಾಗಿ ಕೂತರೆ ಸುತ್ತಿದ ಬ್ರೇಡಿನ ಬಣ್ಣ ಗಾಢವಾಗುತ್ತದೆ. ಇಲ್ಲದಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಹೀಗೆ ಕಟ್ಟಿದ ಗಂಟಿನಲ್ಲೇ ಒಳ್ಳೆ ಜಿಟಿ ಬೋಟಿನ ತನಕ ಬಂತು, ಎಂಥಾ ಖುಷಿ! ಹಿಂಮುಳ್ಳಿಲ್ಲದ ಒಂಟಿ ಗಾಳ ಇದ್ದದ್ದರಿಂದ ಬೇಗ ಬಿಡಿಸಿ ನೀರಿಗೆ ಬಿಟ್ಟೆವು.

ಇನ್ನೊಂದು, ಗಂಟು ಹಾಕುವ ಕೆಲಸ ದಡದಲ್ಲೇ ಮುಗಿಸಿಕೊಳ್ಳಿ. ಬೋಟು ಓಲಾಡುವಾಗ ಅದು ತುಂಬಾ ಕಷ್ಟ.