ಅರೇ ಸ್ಲೈಸ್‌ಗೆ ಸ್ಟೆಪ್ ಸೇರಿಸ್ಬೇಕು, ರೇಂಜ್ ಒಳಗೇ ಇಡ್ಲಾ ಬೇರೆ ಇಡ್ಲಾ?

ಮರಿಕಂಪೈಲರ್:
ಎಲ್ರಿಗೂ ನಮಸ್ಕಾರ. ಬಿಡುವಾದಾಗೆಲ್ಲ ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆ ಕಟ್ತಾ ಇದೀನಿ, ಅದ್ರಲ್ಲಿ ಅ ಅನ್ನೋ ಅರೇಗೆ (ಸಾಲಾಗಿ ಇಟ್ಟ ಎಲಿಮೆಂಟ್‌ಗಳ ಪಟ್ಟಿ) ಅ[2..8] ಅಂತ ಬರೆದ್ರೆ 2ರಿಂದ 7ರ ತನಕದ ಎಲಿಮೆಂಟ್‌ಗಳ ತುಂಡು, ಅಂದ್ರೆ ಸ್ಲೈಸ್ ಸಿಗುತ್ತೆ, 8 ಸೇರಲ್ಲ. ಇಲ್ಲಿ ತನಕ ಸರಿ ಇದೆ. ಈಗ ಒಂದು ಬಿಟ್ಟು ಒಂದು, ಮೂರಕ್ಕೊಂದು ಹಂಗೆ ತಗೊಳೋಕೆ ಸ್ಟೆಪ್ ಬೇಕು. ಪೈಥಾನ್ ಥರ ಅ[2:8:2] ಅಂತ ಮಾಡ್ಬಿಡಬಹುದು, ಆದ್ರೆ ನನ್ನಲ್ಲಿ ರೇಂಜ್ (ಆ 2..8 ಅನ್ನೋ ಭಾಗ) ಅನ್ನೋದೇ ಒಂದು ವ್ಯಾಲ್ಯೂ, ಫಾರ್ ಲೂಪಲ್ಲೂ ಬರುತ್ತೆ ವೇರಿಯಬಲ್‌ನಲ್ಲೂ ಇಡಬಹುದು, ಹಂಗಾಗಿ ಸ್ಟೆಪ್ ರೇಂಜ್‌ಗೆ ಸೇರ್ಬೇಕಾ ಇಲ್ಲ ಬರೀ ಸ್ಲೈಸ್‌ಗಾ ಅಂತ ಎರಡು ವಾರದಿಂದ ತಲೆ ಕೊರೀತಿದೆ. ಸ್ಟೆಪ್ ಮೈನಸ್ ಇದ್ರೆ ಏನಾಗ್ಬೇಕು ಅನ್ನೋದೂ ಗೊತ್ತಾಗ್ತಿಲ್ಲ. ಅಂದಹಾಗೆ ನನ್ನ ಸ್ಲೈಸ್ ಕಾಪಿ ಮಾಡಲ್ಲ, ಒಂದು ಪಾಯಿಂಟರ್ (ಮೆಮೊರೀಲಿ ಎಲ್ಲಿ ಶುರು ಅನ್ನೋ ವಿಳಾಸ) ಒಂದು ಲೆಂಗ್ತ್ ಅಷ್ಟೇ.

ಹಳೇಫೋರ್ಟ್ರಾನ್:
ರೇಂಜ್‌ಗೇ ಸೇರ್ಸಿ, ಫಾರ್ ಲೂಪ್‌ಗೂ ಹೇಗಿದ್ರೂ ಬೇಕಾಗುತ್ತೆ. ಆದ್ರೆ ಎರಡನೇ ಕೋಲನ್ ಮಾತ್ರ ಬೇಡ. ಫೋರ್ಟ್ರಾನ್ 90 ಮತ್ತೆ ಪೈಥಾನಲ್ಲಿ ಸ್ಟೆಪ್ ಕೊನೇಲಿ ಬರುತ್ತೆ, ಮ್ಯಾಟ್‌ಲ್ಯಾಬ್ ಜೂಲಿಯಾದಲ್ಲಿ ಮಧ್ಯದಲ್ಲಿ ಬರುತ್ತೆ, ಗೋ ಭಾಷೇಲಂತೂ 1.2ರಿಂದ ಮೂರನೇ ನಂಬರ್ ಅಂದ್ರೆ ಕೆಪಾಸಿಟಿಗೆ (ಸ್ಲೈಸ್ ಎಷ್ಟು ತನಕ ಬೆಳೀಬಹುದು ಅನ್ನೋದಕ್ಕೆ) ಮಿತಿ, ಸ್ಟೆಪ್ಪೇ ಅಲ್ಲ. ಎರಡು ಮೂರು ಭಾಷೆ ಬರೆಯೋರಿಗೆ ಓದೋವಾಗ ಕೈ ತಪ್ಪೋದು ಗ್ಯಾರಂಟಿ. ಕಾಟ್ಲಿನ್ ಥರ ಪದಾನೇ ಇಡಿ: ಅ[2..8 ಸ್ಟೆಪ್ 2].

ಬೈಟ್‌ಲೆಕ್ಕ:
ಸಿಂಟ್ಯಾಕ್ಸ್ ಆಮೇಲೆ ನೋಡ್ಕೊಳ್ಳಿ. ನೀವು ಕೊನೇಲಿ ಹೇಳಿದ ಒಂದು ಸಾಲಲ್ಲೇ ನಿಜವಾದ ತೊಡಕಿರೋದು. ಪಾಯಿಂಟರ್ ಮತ್ತೆ ಲೆಂಗ್ತ್ ಮಾತ್ರ ಇದ್ರೆ ಸ್ಟೆಪ್ ಇಡೋಕೆ ಜಾಗಾನೇ ಇಲ್ಲ, ರಸ್ಟ್ ಭಾಷೆಯ ಸ್ಲೈಸೂ ಹಂಗೇ ಇರೋದ್ರಿಂದ ಅಲ್ಲಿ ಸ್ಲೈಸ್‌ಗೆ ಸ್ಟೆಪ್ ಹಾಕೋಕಾಗಲ್ಲ, ಇಟರೇಟರ್ (ಎಲಿಮೆಂಟ್‌ಗಳನ್ನ ಒಂದೊಂದಾಗಿ ಕೊಡೋದು) ತಗೊಂಡು ಅದ್ರ ಮೇಲೆ ಸ್ಟೆಪ್ ಬೈ ಅನ್ನೋ ಫಂಕ್ಷನ್ ಕರೀಬೇಕು. ಪೈಥಾನ್ ಲಿಸ್ಟ್ ಕಾಪಿ ಮಾಡಿ ಬಚಾವಾಗುತ್ತೆ. ಪೈಥಾನಿನ ನಂಪೈ ಲೈಬ್ರರಿ ಕಾಪಿ ಮಾಡಲ್ಲ, ಸ್ಟ್ರೈಡ್ (ಒಂದು ಎಲಿಮೆಂಟಿಂದ ಮುಂದಿನದಕ್ಕೆ ಎಷ್ಟು ದೂರ) ಅಂತ ಇನ್ನೊಂದು ಫೀಲ್ಡ್ ಇಟ್ಕೊಂಡಿದೆ, ಎರಡರ ಸ್ಟೆಪ್ ಮೇಲೆ ಮೂರರ ಸ್ಟೆಪ್ ಹಾಕಿದ್ರೆ ಗುಣಿಸಿ ಆರು ಮಾಡ್ಕೊಂಡ್ರೆ ಆಯ್ತು.

ಆದ್ರೆ ಆ ಫೀಲ್ಡ್‌ನ ಎಲ್ಲಾ ಸ್ಲೈಸ್‌ಗೂ ತುರುಕ್ಬೇಡಿ ದಯವಿಟ್ಟು. ಸ್ಟೆಪ್ ಬೇಡದೇ ಇರೋರೂ ಪ್ರತಿ ಸಲ ಗುಣಾಕಾರ ಮಾಡ್ಬೇಕಾಗುತ್ತೆ, ಮೆಮೊರಿ ಒಂದೇ ಸಾಲಲ್ಲಿದೆ ಅನ್ನೋ ಭರವಸೆ ಹೋಗುತ್ತೆ, ಸಿ ಫಂಕ್ಷನ್‌ಗೆ ನೇರವಾಗಿ ಕೊಡೋಕಾಗಲ್ಲ. ಎರಡು ಟೈಪ್ ಇಡಿ: ಬರೀ ರೇಂಜ್ ಹಾಕಿದ್ರೆ ಮಾಮೂಲಿ ಸ್ಲೈಸ್, ಸ್ಟೆಪ್ ಇರೋ ರೇಂಜ್ ಹಾಕಿದ್ರೆ ಬೇರೆ ಒಂದು ವ್ಯೂ, ಅಂದ್ರೆ ಸ್ಟ್ರೈಡೂ ಇಟ್ಕೊಂಡು ಅದೇ ಅರೇನ ಕಾಪಿ ಮಾಡದೆ ತೋರ್ಸೋ ಟೈಪ್. ಕ್ಯಾಶ್ ಲೈನ್ (ಪ್ರೊಸೆಸರ್ ಮೆಮೊರಿಯಿಂದ ಒಂದೇ ಸಲಕ್ಕೆ ತರೋ ತುಂಡು) 64 ಬೈಟ್, ಎಲಿಮೆಂಟ್ 4 ಬೈಟ್ ಅಂದ್ಕೊಂಡ್ರೆ ಸ್ಟೆಪ್ 16 ಆದ ತಕ್ಷಣ ಒಂದೊಂದು ಎಲಿಮೆಂಟ್‌ಗೂ ಹೊಸ ಲೈನ್ ತರ್ಬೇಕು, ಆ ಖರ್ಚು ಟೈಪ್‌ನಲ್ಲೇ ಕಣ್ಣಿಗೆ ಬಿದ್ರೆ ಒಳ್ಳೇದು.

ಉಲ್ಟಾಎಣಿಕೆ:
ಮೈನಸ್ ಬಗ್ಗೆ ನಾನು ಹೇಳ್ತೀನಿ, ಅರ್ಧ ದಿನ ಕಳ್ಕೊಂಡಿದೀನಿ ಇದ್ರಲ್ಲಿ. ಪೈಥಾನಲ್ಲಿ ಐ ಇಂದ ಹಿಂದಕ್ಕೆ ಮೂರು ಬೇಕು ಅಂತ ಅ[ಐ:ಐ-3:-1] ಬರೆದಿದ್ದೆ. ಐ 9, 5, 3 ಎಲ್ಲದಕ್ಕೂ ಸರಿ ಬಂತು, 2 ಆದಾಗ ಖಾಲಿ ಲಿಸ್ಟ್, ಯಾಕಂದ್ರೆ 2-3 ಅಂದ್ರೆ -1, ಅಲ್ಲಿ -1 ಅಂದ್ರೆ ಕೊನೇ ಎಲಿಮೆಂಟ್. ಎರರ್ ಕೂಡ ಬರಲ್ಲ, ಸುಮ್ಮನೆ ಖಾಲಿ. ರಸ್ಟ್‌ನ ಎನ್‌ಡಿಅರೇ ಲೈಬ್ರರಿ ಮಾಡೋ ರೀತಿ ನಂಗೆ ಇಷ್ಟ: ಮೊದ್ಲು ತುಂಡು ಕತ್ತರಿಸ್ಕೋ, ಆಮೇಲೆ ಸ್ಟೆಪ್ ಹಾಕು, ಮೈನಸ್ ಇದ್ರೆ ಆ ತುಂಡಿನ ಬಾಲದಿಂದ ಶುರು ಮಾಡು. ಅಂದ್ರೆ 2..8 ಸ್ಟೆಪ್ -2 ಹಾಕಿದ್ರೆ 7, 5, 3. ಫಾರ್ ಲೂಪಲ್ಲೂ ಇದೇ ಅರ್ಥ ಇಡಿ. ಸ್ಟೆಪ್ 0 ಕೊಟ್ರೆ ರೇಂಜ್ ಕಟ್ಟೋವಾಗ್ಲೇ ಎರರ್ ಕೊಡಿ.

ಮರಿಕಂಪೈಲರ್:
ತುಂಬಾ ಥ್ಯಾಂಕ್ಸ್, ಎರಡು ಟೈಪ್ ಅನ್ನೋದು ನಂಗೆ ಹೊಳೆದೇ ಇರ್ಲಿಲ್ಲ. ನಿನ್ನೆ ರಾತ್ರಿ ಕೂತು ಬರೆದೆ, ಪ್ಲಸ್ ಮೈನಸ್ ಎರಡೂ ಓಡ್ತಿದೆ. ಲೂಪಲ್ಲಿ ಸ್ಟೆಪ್ ಕೂಡಿಸ್ತಾ ಹೋಗೋದನ್ನ ಬಿಟ್ಟು ಮೊದ್ಲೇ ಎಷ್ಟು ಸಲ ಅಂತ ಲೆಕ್ಕ ಹಾಕಿ ಓಡಿಸ್ತಿದೀನಿ, ಇಲ್ಲಾಂದ್ರೆ 255ರ ತನಕ ಮಾತ್ರ ಹಿಡಿಯೋ 8 ಬಿಟ್ ನಂಬರ್‌ನಲ್ಲಿ 250..255 ಸ್ಟೆಪ್ 10 ಕೊಟ್ರೆ 260 ಹೋಗಿ 4 ಆಗಿ ಲೂಪ್ ನಿಲ್ತಾನೇ ಇರ್ಲಿಲ್ಲ. ಒಂದು ಡೌಟ್ ಉಳೀತು, ಈ ವ್ಯೂಗೆ ಅಸೈನ್ ಮಾಡೋಕೆ (ಅದ್ರ ಮೂಲಕ ಅರೇಗೆ ಬರೆಯೋಕೆ) ಬಿಡ್ಲಾ?

ಬೈಟ್‌ಲೆಕ್ಕ:
ಬಿಡಿ, ಎರಡೂ ಕಡೆ ಲೆಂಗ್ತ್ ಒಂದೇ ಇರ್ಲೇಬೇಕು ಅಂತ ಚೆಕ್ ಹಾಕಿ, ಪೈಥಾನೂ ಸ್ಟೆಪ್ ಇದ್ದಾಗ ಹಂಗೇ ಕೇಳುತ್ತೆ. ಆದ್ರೆ ಅ[0..10] = ಅ[0..10 ಸ್ಟೆಪ್ -1] ಮೊದ್ಲು ಟೆಸ್ಟ್ ಮಾಡಿ. ಅರೇಲಿ 0ರಿಂದ 9 ಇದ್ದು ನೀವು ಒಂದೊಂದಾಗಿ ನೇರ ಕಾಪಿ ಮಾಡ್ತಿದ್ರೆ 9 8 7 6 5 5 6 7 8 9 ಬರುತ್ತೆ, ಅರ್ಧ ದಾರೀಲಿ ಮೂಲಾನೇ ಅಳಿಸಿ ಹೋಗಿರುತ್ತೆ. ಎರಡೂ ಕಡೆ ಒಂದೇ ಅರೇ ಇದ್ರೆ ಬಲಗಡೆದನ್ನ ತಾತ್ಕಾಲಿಕವಾಗಿ ಬೇರೆ ಕಡೆ ಕಾಪಿ ಮಾಡ್ಕೊಂಡು ಆಮೇಲೆ ಬರೀರಿ.