ಇಂಡಕ್ಟರ್ ಸರಿಯಾಗಿದೆ, ಆದ್ರೂ ಮಾಸ್ಫೆಟ್ ಸುಡ್ತಿದೆ: ಅನುಭವ ಇದ್ದವರು ಹೇಳಿ

ಪ್ರಶ್ನೆ, ಕಲಬುರಗಿಯಿಂದ

ತೊಗರಿ ಹೊಲದ ಶೆಡ್‌ಗೆ ನಾನೇ ಸೋಲಾರ್ ಚಾರ್ಜರ್ ಮಾಡಿದ್ದೇನೆ. 100 ಕಿಲೋಹರ್ಟ್ಸ್ ಬಕ್ ಕನ್ವರ್ಟರ್, ಅಂದ್ರೆ ಮಾಸ್ಫೆಟ್ ಸ್ವಿಚ್ ಮತ್ತು ಇಂಡಕ್ಟರ್ ಸುರುಳಿ ಬಳಸಿ ವೋಲ್ಟೇಜ್ ಇಳಿಸುವ ಸರ್ಕ್ಯೂಟ್. ಪ್ಯಾನೆಲ್ 36 ವೋಲ್ಟ್, ಬ್ಯಾಟರಿಗೆ 13.5 ವೋಲ್ಟ್, 10 ಆಂಪ್. ಇಂಡಕ್ಟರ್‌ಗೆ ಇಟಿಡಿ 29 ಅಳತೆಯ ಫೆರೈಟ್ (ಕಾಂತೀಯ ಸೆರಾಮಿಕ್) ಕೋರ್ ಮೇಲೆ 12 ಸುತ್ತು ತಂತಿ ಹಾಕಿದೆ. ಇಂಡಕ್ಟನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ 47 ಮೈಕ್ರೋಹೆನ್ರಿ ತೋರಿಸುತ್ತದೆ, ನನಗೆ ಬೇಕಿದ್ದದ್ದೂ ಅಷ್ಟೇ. ಮನೆಯಲ್ಲಿ 5 ಆಂಪ್‌ಗೆ ಚೆನ್ನಾಗಿ ಓಡಿತು. ಹೊಲದಲ್ಲಿ ಮಧ್ಯಾಹ್ನ ಬಿಸಿಲು ಏರಿದ ಕೂಡಲೇ ಮಾಸ್ಫೆಟ್ ಹೋಗುತ್ತದೆ. ಮೂರು ಹೋದವು.

ಬೀದರ್‌ನಿಂದ

ನೋಡ್ರಿ, ನಿಮ್ಮ ಮೀಟರ್ ತಪ್ಪು ಹೇಳಿಲ್ಲ. ಆದರೆ ಅದು ಕೆಲವೇ ಮಿಲಿಆಂಪ್ ಹರಿಸಿ ಅಳೆಯುತ್ತದೆ. 10 ಆಂಪ್ ಹರಿದಾಗ ಆ 47 ಉಳಿಯುತ್ತದಾ ಅನ್ನೋದು ಅದಕ್ಕೆ ಗೊತ್ತಾಗಲ್ಲ. ನಾನು ಯುಪಿಎಸ್ ರಿಪೇರಿಗೆ ಬಂದ ಹೊಸತರಲ್ಲಿ ಇದೇ ತಪ್ಪು ಮಾಡಿ ತಿಂಗಳುಗಟ್ಟಲೆ ಒದ್ದಾಡಿದ್ದೇನೆ.

ನಿಮ್ಮ ಲೆಕ್ಕ ಮಾಡಿದೆ. ರಿಪಲ್, ಅಂದ್ರೆ ಪ್ರತಿ ಸೈಕಲ್‌ನಲ್ಲಿ ಕರೆಂಟ್ ಏರಿಳಿಯುವುದು, ಸುಮಾರು 1.8 ಆಂಪ್. ಅದರ ಅರ್ಧ ಸೇರಿಸಿದರೆ ಪೀಕ್ 10.9 ಆಂಪ್. ಇಂಡಕ್ಟನ್ಸನ್ನು ಪೀಕ್ ಕರೆಂಟ್‌ನಿಂದ ಗುಣಿಸಿ, ಸುತ್ತು ಮತ್ತು ಕೋರ್ ಏರಿಯಾ ಎರಡರಿಂದಲೂ ಭಾಗಿಸಿದರೆ ಕೋರ್‌ನೊಳಗಿನ ಕಾಂತಕ್ಷೇತ್ರ ಟೆಸ್ಲಾದಲ್ಲಿ ಸಿಗುತ್ತದೆ. ಇಟಿಡಿ 29ರ ಏರಿಯಾ 76 ಚದರ ಮಿಲಿಮೀಟರ್. 12 ಸುತ್ತಿಗೆ 0.56 ಟೆಸ್ಲಾ ಬರುತ್ತದೆ. ಪವರ್ ಫೆರೈಟ್ ಅಷ್ಟು ತಡೆಯಲ್ಲ. ಅದರ ಹೊಟ್ಟೆ ಮೊದಲೇ ತುಂಬಿರುತ್ತದೆ, ಇದಕ್ಕೇ ಸ್ಯಾಚುರೇಷನ್ ಅನ್ನೋದು. ಆಮೇಲೆ ಇಂಡಕ್ಟನ್ಸ್ ಕುಸಿಯುತ್ತದೆ, ಕರೆಂಟ್ ಜಿಗಿಯುತ್ತದೆ, ಮಾಸ್ಫೆಟ್ ಸುಡುತ್ತದೆ. 5 ಆಂಪ್‌ಗೆ ಬರೀ 0.3 ಟೆಸ್ಲಾ ಇತ್ತು, ಅದಕ್ಕೇ ಮನೆಯಲ್ಲಿ ಓಡಿತು.

24 ಸುತ್ತು ಹಾಕಿ. 0.28 ಟೆಸ್ಲಾಗೆ ಇಳಿಯುತ್ತದೆ. ಸುಮ್ನೆ ಸುತ್ತು ಜಾಸ್ತಿ ಮಾಡಿದರೆ ಆಗಲ್ಲ, ಕೋರ್‌ನ ನಡುವೆ ಬಿಡುವ ಗ್ಯಾಪನ್ನೂ ಹೆಚ್ಚಿಸಬೇಕು. ನಿಮ್ಮದು ಈಗ ಸುಮಾರು 0.3 ಮಿಲಿಮೀಟರ್ ಇರಬೇಕು. ಅದು ಹೆಚ್ಚುಕಡಿಮೆ 1.2 ಆಗಬೇಕು. ಎರಡು ಅರ್ಧಗಳ ನಡುವೆ ಹಾಳೆ ಇಡುತ್ತೀರಿ ಅಂದ್ರೆ 0.6 ದಪ್ಪದ್ದು ಸಾಕು. ನಡುಕಾಲಲ್ಲಿ ಒಂದು ಸಲ, ಹೊರಗಾಲಲ್ಲಿ ಇನ್ನೊಂದು ಸಲ ಗ್ಯಾಪ್ ಬೀಳುತ್ತದೆ.

ಯಾದಗಿರಿಯಿಂದ

ಸರ್ ಹೇಳಿದ್ದು ಸರಿ. ಕಣ್ಣಾರೆ ನೋಡಬೇಕು ಅಂದ್ರೆ ಇಂಡಕ್ಟರ್‌ನ ಔಟ್‌ಪುಟ್ ತುದಿಗೆ ಸರಣಿಯಲ್ಲಿ 10 ಮಿಲಿಓಮ್ ಶಂಟ್ (ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್) ಹಾಕಿ ಆಸಿಲೋಸ್ಕೋಪ್ ಹಿಡಿಯಿರಿ. ಕರೆಂಟ್ ನೇರ ಗೆರೆಯಲ್ಲಿ ಏರಿ ಇಳಿಯಬೇಕು. ಏರುವ ಗೆರೆ ಕೊನೆಗೆ ಚೇಳಿನ ಕೊಂಡಿ ಹಾಗೆ ಮೇಲಕ್ಕೆ ಬಾಗಿತು ಅಂದ್ರೆ ಸ್ಯಾಚುರೇಷನ್ ಶುರುವಾಗಿದೆ. ಅಲ್ಲೇ ಲೋಡ್ ಇಳಿಸಿಬಿಡಿ.

ಇನ್ನೊಂದು ಮಾತು. ಹಳೇ ಎಸ್‌ಎಂಪಿಎಸ್ ಪವರ್ ಸಪ್ಲೈನ ಇನ್‌ಪುಟ್ ಕಡೆ ಇರುವ ಎರಡು ವೈಂಡಿಂಗ್‌ನ ಫೆರೈಟ್ ರಿಂಗ್ ಬಳಸಬೇಡಿ. ಅದು ನಾಯ್ಸ್ ಫಿಲ್ಟರ್‌ನದು, ಗ್ಯಾಪ್ ಇರಲ್ಲ. ನಾಲ್ಕೈದು ಸುತ್ತಿಗೇ ಬೇಕಾದಷ್ಟು ಇಂಡಕ್ಟನ್ಸ್ ತೋರಿಸುತ್ತದೆ, ಕರೆಂಟ್ ಕೊಟ್ಟರೆ ತಕ್ಷಣ ತುಂಬಿಬಿಡುತ್ತದೆ. ಬ್ಯಾಟರಿ ಸ್ಪ್ರೇಯರ್ ಚಾರ್ಜರ್‌ಗೆ ಅದನ್ನು ಹಾಕಿ ನಾನು ಕೈ ಸುಟ್ಟುಕೊಂಡೆ. ಹಳದಿ-ಬಿಳಿ ಬಣ್ಣದ ಐರನ್ ಪೌಡರ್ ರಿಂಗ್ ನಿಧಾನಕ್ಕೆ ಸೋಲುತ್ತದೆ, ಹಠಾತ್ತಾಗಿ ಕೈಕೊಡಲ್ಲ. ಆದರೆ 100 ಕಿಲೋಹರ್ಟ್ಸ್‌ಗೆ ಜಾಸ್ತಿ ಬಿಸಿಯಾಗುತ್ತದೆ.

ಕಲಬುರಗಿಯಿಂದ ಇನ್ನೊಬ್ಬರು

ಬಿಸಿಲನ್ನು ಮರೀಬೇಡಿ ಅಣ್ಣಾ. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ, ತಗಡಿನ ಡಬ್ಬಿಯೊಳಗೆ ಇನ್ನೂ ಜಾಸ್ತಿ. ಎನ್87 ಅನ್ನೋ ಬಗೆಯ ಫೆರೈಟ್ 25 ಡಿಗ್ರಿಯಲ್ಲಿ ಸುಮಾರು 0.49 ಟೆಸ್ಲಾ ತಡೆಯುತ್ತದೆ, 100 ಡಿಗ್ರಿಯಲ್ಲಿ 0.39 ಅಷ್ಟೇ. ಬಿಸಿ ಕೋರ್‌ನ ಲೆಕ್ಕವನ್ನೇ ಹಿಡಿಯಿರಿ. ಸಾಫ್ಟ್ ಸ್ಟಾರ್ಟ್ (ನಿಧಾನಕ್ಕೆ ಶುರುವಾಗುವ ವ್ಯವಸ್ಥೆ) ಮತ್ತು ಪ್ರತಿ ಸೈಕಲ್‌ಗೂ ಕರೆಂಟ್ ಲಿಮಿಟ್ ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ. ಆನ್ ಮಾಡಿದ ಕ್ಷಣದ ಪೀಕ್ ನಿಮ್ಮ ಲೆಕ್ಕಕ್ಕೆ ಸಿಗಲ್ಲ. ರೆಡಿಮೇಡ್ ಇಂಡಕ್ಟರ್ ತಗೊಂಡ್ರೆ ಡೇಟಾಶೀಟ್‌ನಲ್ಲಿ ಎರಡು ಕರೆಂಟ್ ಇರುತ್ತವೆ. ಒಂದು ತಂತಿ ಬಿಸಿಯಾಗುವುದಕ್ಕೆ, ಇನ್ನೊಂದು ಸ್ಯಾಚುರೇಷನ್‌ಗೆ. ಪೀಕನ್ನು ಎರಡನೆಯದಕ್ಕೆ ಹೋಲಿಸಬೇಕು.

ಪ್ರಶ್ನೆ ಕೇಳಿದವರು

24 ಸುತ್ತು ಹಾಕಿದೆ, ತಂತಿ ಸುತ್ತುವ ಬಾಬಿನ್ ಬಿಗಿಯಾಯಿತು. 0.6ರ ಫೈಬರ್ ಹಾಳೆ ಇಟ್ಟಾಗ ಮೀಟರ್ 54 ತೋರಿಸಿತು. ಇನ್ನೊಂದು ತೆಳು ಹಾಳೆ ಸೇರಿಸಿದೆ, 48ಕ್ಕೆ ಬಂತು. ನಿನ್ನೆ ಮಧ್ಯಾಹ್ನ 10 ಆಂಪ್‌ನಲ್ಲಿ ಎರಡು ಗಂಟೆ ಓಡಿಸಿದೆ. ಸ್ಕೋಪ್‌ನಲ್ಲಿ ಗೆರೆ ತುದಿವರೆಗೂ ನೇರವಾಗಿದೆ.