ಕಲ್ಯಾಣಪುರದ ಇಗರ್ಜಿ (ಚರ್ಚ್), ಅದರ ಸುತ್ತಲಿನ ಹಳ್ಳಿಗಳು ಮತ್ತು ಅಳಿವೆ: ಮೈಸೂರಿನ ಮಕ್ಕಳಿಗೆ ಹೇಗೆ ತೋರಿಸಬೇಕು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಕುವೆಂಪುನಗರ, ಮೈಸೂರು

ಮಾನ್ಯರೇ, ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರಾವಳಿಗೆ ಕರೆದೊಯ್ಯುವ ಹೊಣೆ ಈ ವರ್ಷ ನನಗೆ ಬಂದಿದೆ. ನಮ್ಮ ಕಡೆಯ ಶಾಲಾ ಪ್ರವಾಸಗಳು ಧರ್ಮಸ್ಥಳ, ಉಡುಪಿ, ಮಲ್ಪೆ ಎಂದು ಒಂದೇ ಉಸಿರಿನಲ್ಲಿ ಓಡಿ ಮುಗಿಯುತ್ತವೆ. ಮಕ್ಕಳು ಊರನ್ನು ನೋಡುವುದಕ್ಕಿಂತ ಬಸ್ಸಿನಲ್ಲಿ ಕುಳಿತಿರುವುದೇ ಹೆಚ್ಚು. ಈ ಸಲ ಒಂದೇ ಸೀಮೆಯಲ್ಲಿ ನಿಂತು, ಅಲ್ಲಿನ ಹೊಳೆ, ಗದ್ದೆ, ಮನೆ, ಪ್ರಾರ್ಥನಾಲಯ ಇವೆಲ್ಲ ಒಂದಕ್ಕೊಂದು ಹೇಗೆ ಹೊಂದಿಕೊಂಡು ಬೆಳೆದಿವೆ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣಬೇಕೆಂಬುದು ನನ್ನ ಆಸೆ. ಉಡುಪಿಯ ಉತ್ತರಕ್ಕೆ ಸುವರ್ಣಾ ನದಿಯ ಬಳಿಯಿರುವ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಮತ್ತು ಅದರ ನೆರೆಯ ಹಳ್ಳಿಗಳನ್ನು ಆರಿಸಿಕೊಂಡಿದ್ದೇನೆ. ಯಾವ ಕಾಲ ಒಳ್ಳೆಯದು, ನೋಡುವುದನ್ನು ಎಲ್ಲಿಂದ ಆರಂಭಿಸಬೇಕು, ನಮ್ಮ ಮೈಸೂರಿನ ಪಾಠಕ್ಕೂ ಆ ಊರಿಗೂ ಸಂಬಂಧ ಕಲ್ಪಿಸಲು ಸಾಧ್ಯವೇ, ಬೇರೆ ಧರ್ಮಗಳ ಮಕ್ಕಳು ಇಗರ್ಜಿಯ ಒಳಗೆ ಹೋಗಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೆಮ್ಮಣ್ಣಿನ ಕಡೆಯವರು, ಈಗ ಬನ್ನಿಮಂಟಪ, ಮೈಸೂರು

ಮೇಡಂ, ತಾವು ಒಂದೇ ಸೀಮೆಯನ್ನು ಆರಿಸಿಕೊಂಡದ್ದು ನನಗೆ ಬಹಳ ಸಂತೋಷ ತಂದಿದೆ. ನನ್ನ ಮೊದಲ ಸಲಹೆಯೆಂದರೆ, ನೇರವಾಗಿ ಇಗರ್ಜಿಗೆ ಹೋಗಬೇಡಿ. ಮೊದಲು ಕೋಡಿಬೆಂಗ್ರೆಗೆ ಹೋಗಿ. ಪೂರ್ವದಿಂದ ಬರುವ ಸುವರ್ಣಾ ನದಿ ಕಲ್ಯಾಣಪುರವನ್ನು ದಾಟಿದ ಮೇಲೆ ನೇರವಾಗಿ ಕಡಲಿಗೆ ಸೇರುವುದಿಲ್ಲ. ಮರಳಿನ ದಿಬ್ಬವೊಂದು ಅಡ್ಡ ನಿಂತಿರುವುದರಿಂದ ಅದು ಉತ್ತರಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ಸೀತಾ ನದಿಯೊಡನೆ ಕೂಡಿ ಕೋಡಿಬೆಂಗ್ರೆಯ ತುದಿಯಲ್ಲಿ ಅಳಿವೆಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಆ ದಿಬ್ಬದ ಮೇಲಿನ ರಸ್ತೆಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ಮೀನುಗಾರರ ಮನೆಗಳ ಸಾಲು ಮಾತ್ರ. ಆಚೆ ದಡದ ಹಂಗಾರಕಟ್ಟೆ ಹಳೆಯ ಬಂದರು. ಸೀತಾ ನದಿಯ ದಿಕ್ಕಿನಲ್ಲಿ ಒಳಗೆ ಹೋದರೆ ಕರಾವಳಿಯನ್ನು ಹಿಂದೆ ಆಳಿದ ಆಳುಪ ಅರಸರ ರಾಜಧಾನಿಯಾಗಿದ್ದ ಬಾರ್ಕೂರು. ಇದನ್ನು ನೋಡಿದ ಮಗುವಿಗೆ ಕಲ್ಯಾಣಪುರದಲ್ಲಿ ವ್ಯಾಪಾರ ಏಕೆ ಬೆಳೆಯಿತು, ಪೋರ್ಚುಗೀಸರು ಅಲ್ಲಿಗೆ ಏಕೆ ಬಂದರು ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಅಲ್ಲಿಂದ ಹಿಂದಕ್ಕೆ ಹೂಡೆ, ಪಡುತೋನ್ಸೆ, ಕೆಮ್ಮಣ್ಣು, ಮೂಡುತೋನ್ಸೆಗಳ ಮೂಲಕ ನಿಧಾನವಾಗಿ ಬನ್ನಿ. ಹೊಳೆಯ ನಡುವಿನ ಕುದ್ರುಗಳಲ್ಲಿ, ಅಂದರೆ ನಡುಗಡ್ಡೆಗಳಲ್ಲಿ, ಮನೆಗಳೂ ತೆಂಗಿನ ತೋಟಗಳೂ ಇವೆ. ಕೆಮ್ಮಣ್ಣಿನಿಂದ ತಿಮ್ಮಣ್ಣ ಕುದ್ರುವಿಗೆ ತೂಗುಸೇತುವೆ ಇದೆ. ಮೊಗವೀರರು, ಬಿಲ್ಲವರು, ಬಂಟರು, ಮುಸಲ್ಮಾನರು, ಕೊಂಕಣಿ ಮಾತನಾಡುವ ಕ್ಯಾಥೊಲಿಕರು ಇಲ್ಲಿ ಬೇಲಿಗೆ ಬೇಲಿ ತಾಗುವಂತೆ ಬದುಕಿದ್ದಾರೆ. ಕ್ಯಾಥೊಲಿಕರ ಮನೆಗಳು ಇಗರ್ಜಿಯ ಸುತ್ತ ಗುಂಪಾಗಿರದೆ ತಮ್ಮ ತಮ್ಮ ಗದ್ದೆಯ ಅಂಚಿನಲ್ಲಿ ಚದುರಿಕೊಂಡಿರುವುದನ್ನು ಮಕ್ಕಳು ಗಮನಿಸಲಿ. ಹೀಗೆ ಚದುರಿದ ಮನೆಗಳನ್ನು ಗುಂಪು ಗುಂಪಾಗಿ ಕಟ್ಟಿ ಹಿಡಿದದ್ದೇ ವಾಡೊ ಎಂಬ ವ್ಯವಸ್ಥೆ. ಪ್ರತಿ ವಾಡೊಗೂ ಗುರ್ಕಾರನೆಂಬ ಒಬ್ಬ ಮುಖಂಡ. ಸಾವಿನ ಸುದ್ದಿ ಮುಟ್ಟಿಸುವುದು, ಹಬ್ಬಕ್ಕೆ ಜನರನ್ನು ಕೂಡಿಸುವುದು, ಪಾದ್ರಿಯವರಿಗೂ ಮನೆಗಳಿಗೂ ನಡುವೆ ಮಾತು ಸಾಗಿಸುವುದು ಅವರ ಕೆಲಸವಾಗಿತ್ತು. ಇಂದಿಗೂ ಹಿರಿಯರು ತಮ್ಮ ಗುರುತನ್ನು ವಾಡೊದ ಹೆಸರಿನಿಂದಲೇ ಹೇಳಿಕೊಳ್ಳುತ್ತಾರೆ. ಈಗ ಕೆಮ್ಮಣ್ಣು, ತೊಟ್ಟಂ, ಸಂತೆಕಟ್ಟೆಗಳಿಗೆ ತಮ್ಮದೇ ಇಗರ್ಜಿಗಳಿವೆ. ಮಿಲಾಗ್ರಿಸ್ ಇಗರ್ಜಿಯು 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ (ಬಿಷಪರ ಆಡಳಿತಕ್ಕೊಳಪಟ್ಟ ಪ್ರದೇಶ) ಸ್ಥಾಪನೆಯಾದಾಗ ಅದರ ಪ್ರಧಾನ ದೇವಾಲಯವಾಯಿತು.

ಕಾಲದ ವಿಷಯಕ್ಕೆ ಬಂದರೆ, ಶಾಲೆ ಒಪ್ಪುವುದಾದರೆ ಸೆಪ್ಟೆಂಬರ್ 8ಕ್ಕೆ ಹೊಂದಿಸಿಕೊಳ್ಳಿ. ಅದು ಕನ್ಯಾ ಮರಿಯಮ್ಮನವರ ಜನ್ಮದಿನ, ನಮಗೆ ಮೊಂತಿ ಫೆಸ್ತ್. ಅದಕ್ಕೂ ಮೊದಲಿನ ದಿನಗಳಲ್ಲಿ ಮಕ್ಕಳು ಮನೆಯ ಅಂಗಳದಲ್ಲಿ, ಬೇಲಿಯಲ್ಲಿ ಸಿಕ್ಕ ಹೂಗಳನ್ನು ಬುಟ್ಟಿಯಲ್ಲಿ ತಂದು ಮರಿಯಮ್ಮನವರ ಪ್ರತಿಮೆಗೆ ಎರಚುತ್ತಾರೆ; ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಪಾದ್ರಿಯವರು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಆ ತೆನೆಯ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಒಟ್ಟಿಗೆ ಕುಳಿತು ಸೇವಿಸುತ್ತಾರೆ, ಆ ದಿನದ ಊಟ ಬಾಳೆಲೆಯ ಮೇಲೆ, ಸಂಪೂರ್ಣ ಸಸ್ಯಾಹಾರ. ನೆರೆಯ ಹಿಂದೂ ಮನೆಗಳಲ್ಲಿಯೂ ಅದೇ ಕಾಲದ ಆಸುಪಾಸಿನಲ್ಲಿ ತೆನೆ ಕಟ್ಟಿ ಹೊಸ ಅಕ್ಕಿ ಉಣ್ಣುತ್ತಾರೆ. ಗದ್ದೆ ಮತ್ತು ಇಗರ್ಜಿಯ ನಂಟನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಿನ ಮತ್ತೊಂದಿಲ್ಲ.

ಉತ್ತರ: ಇತಿಹಾಸದ ಆಸಕ್ತರು, ಶ್ರೀರಂಗಪಟ್ಟಣ

ಮೈಸೂರಿನ ಸಂಬಂಧದ ಬಗ್ಗೆ ಕೇಳಿದ್ದೀರಿ. ಸಂಬಂಧ ಆಳವಾಗಿದೆ, ಅದರಲ್ಲಿ ನೋವೂ ಇದೆ. 1678ರಲ್ಲಿ ಕೆಳದಿಯ ರಾಣಿ ಚೆನ್ನಮ್ಮ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದವು ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಅವಕಾಶ ನೀಡಿತು. ಕಲ್ಯಾಣಪುರ ಅವುಗಳಲ್ಲಿ ಒಂದು, ಮಿಲಾಗ್ರಿಸ್ ಇಗರ್ಜಿಯ ಸ್ಥಾಪನೆಯ ವರ್ಷವೂ ಅದೇ. 1763ರಲ್ಲಿ ಹೈದರಾಲಿ ಕೆಳದಿ ರಾಜ್ಯವನ್ನು ಗೆದ್ದಾಗ ಈ ಸೀಮೆ ಮೈಸೂರಿಗೆ ಸೇರಿತು. ಎರಡನೆಯ ಮೈಸೂರು ಯುದ್ಧದ ಕೊನೆಯಲ್ಲಿ, ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ, ಅಂದರೆ ಈ ಕರಾವಳಿ ಸೀಮೆಯ, ಕ್ಯಾಥೊಲಿಕರನ್ನು ಸೆರೆ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ. ಅನೇಕ ಇಗರ್ಜಿಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಭಿನ್ನಾಭಿಪ್ರಾಯವಿದೆ. ತರಗತಿಯಲ್ಲಿ ಆ ಅಂಕಿಗಳ ವಾಗ್ವಾದಕ್ಕಿಂತ, ಬಿತ್ತಿದ ಗದ್ದೆಯನ್ನು ಬಿಟ್ಟು ನಡೆದ ಕುಟುಂಬಗಳ ಪಾಡಿಗೆ ಹೆಚ್ಚು ಸಮಯ ಕೊಡಬೇಕೆಂದು ನಾನು ಕೋರುತ್ತೇನೆ. 1791ರಲ್ಲಿ ಮರಾಠಾ ದಂಡಿನಿಂದ ಲೂಟಿಯಾದ ಶೃಂಗೇರಿ ಮಠಕ್ಕೆ ನೆರವು ಕೊಟ್ಟವನೂ ಇದೇ ಟಿಪ್ಪು ಎಂಬುದನ್ನು ಅದೇ ಪಾಠದಲ್ಲಿ ಹೇಳಿ. ಒಂದನ್ನು ಮರೆಮಾಚಿ ಇನ್ನೊಂದನ್ನು ಹೇಳುವುದು ಮಕ್ಕಳಿಗೆ ಮಾಡುವ ಅನ್ಯಾಯ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರಲ್ಲಿ ಬಹಳ ಜನ ಕರಾವಳಿಗೆ ಮರಳಿದರು, ಕೆಲವರು ಇಲ್ಲಿಯೇ ಉಳಿದರು. ಹೀಗೆ ಚದುರಿದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್. ಸಿಡುಬಿನ ಲಸಿಕೆಯನ್ನು ಈ ಸೀಮೆಯಲ್ಲಿ ಹರಡಿದವರಲ್ಲಿ ಅವರೂ ಒಬ್ಬರು. ಅವರ ಹೆಸರಿನೊಡನೆ ಬೆಸೆದಿರುವ ಚರ್ಚ್ ನಮ್ಮ ಗಂಜಾಂನಲ್ಲಿದೆ. ಪ್ರವಾಸ ಹೊರಡುವ ಮುನ್ನ ಯಾವುದಾದರೂ ಶನಿವಾರ ಮಕ್ಕಳನ್ನು ಅಲ್ಲಿಗೆ ಕರೆತನ್ನಿ. ಅದನ್ನು ನೋಡಿಯೇ ಅವರು ಕಲ್ಯಾಣಪುರಕ್ಕೆ ಹೋಗಲಿ.

ಉತ್ತರ: ಕೃಷಿಕರು, ಮಂಡ್ಯ ತಾಲ್ಲೂಕು

ನಾನು ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವನು. ಮಗಳನ್ನು ಉಡುಪಿಯ ಕಡೆಗೆ ಕೊಟ್ಟಿರುವುದರಿಂದ ಅಲ್ಲಿನ ಗದ್ದೆಗಳನ್ನು ನೋಡಿದ್ದೇನೆ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಮಂಡ್ಯದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಉಡುಪಿಯಲ್ಲಿ 4000 ಮಿ.ಮೀ.ಗೂ ಹೆಚ್ಚು. ನಮಗೆ ನೀರು ತರುವುದು ಕಷ್ಟ, ಅವರಿಗೆ ಬಂದ ನೀರನ್ನು ಆಳುವುದು ಕಷ್ಟ. ಎತ್ತರದ ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮಾತ್ರ, ನಡುವಣ ಮಜಲಿನಲ್ಲಿ ಅದರ ಮೇಲೆ ಸುಗ್ಗಿ, ತಗ್ಗಿನ ಬೈಲಿನಲ್ಲಿ ಮೂರನೆಯದಾಗಿ ಕೊಳಕೆ. ಹೊಳೆಯ ಪಕ್ಕದ ಗದ್ದೆಗಳಿಗೆ ಬೇಸಿಗೆಯಲ್ಲಿ ಉಬ್ಬರದೊಡನೆ ಉಪ್ಪುನೀರು ಏರಿಬರುತ್ತದೆ. ಅದನ್ನು ತಡೆಯಲು ಕಿಂಡಿ ಅಣೆಕಟ್ಟುಗಳನ್ನು ಕಟ್ಟಿ, ಮಳೆ ನಿಂತ ಮೇಲೆ ಅವುಗಳ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ಹಲಗೆ ಇಳಿಸುವುದು ತಡವಾದರೆ ಬಾವಿಯ ನೀರೂ ಉಪ್ಪಾಗುತ್ತದೆ. ಮಕ್ಕಳಿಗೆ ಒಂದು ಕಿಂಡಿ ಅಣೆಕಟ್ಟನ್ನು ತಪ್ಪದೆ ತೋರಿಸಿ. ಮನೆಮಂದಿ ಮುಂಬಯಿಗೂ ಕೊಲ್ಲಿ ದೇಶಗಳಿಗೂ ದುಡಿಯಲು ಹೋದ ಮನೆಗಳ ಗದ್ದೆಗಳು ಹಡಿಲು (ಪಾಳು) ಬಿದ್ದಿರುವುದನ್ನೂ ನಿಮ್ಮ ಮಕ್ಕಳು ನೋಡಲಿ. ಬೇಸಾಯಗಾರನಾಗಿ ನನಗೆ ಅಲ್ಲಿ ಬಹಳ ಸಂಕಟವಾದದ್ದು ಅದನ್ನು ಕಂಡಾಗ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಗಂಜಾಂ ಭೇಟಿಯನ್ನು ಈಗಾಗಲೇ ಪಟ್ಟಿಗೆ ಸೇರಿಸಿದ್ದೇನೆ. ಹೂ ಎರಚುವ ಆಚರಣೆಯಲ್ಲಿ ನಮ್ಮ ಮಕ್ಕಳೂ ಸೇರಬಹುದೇ? ಅದೇ ಪ್ರವಾಸದಲ್ಲಿ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪವನ್ನೂ ನೋಡಲಾಗುತ್ತದೆಯೇ?

ಉತ್ತರ: ಕೆಮ್ಮಣ್ಣಿನ ಕಡೆಯವರು, ಬನ್ನಿಮಂಟಪ

ಹೂವಿಗೆ ಯಾರ ಅಡ್ಡಿಯೂ ಇರುವುದಿಲ್ಲ, ಮೇಡಂ. ನಮ್ಮ ಬಾಲ್ಯದಲ್ಲಿ ನೆರೆಮನೆಯ ಹಿಂದೂ ಮಕ್ಕಳೂ ನಮ್ಮೊಡನೆ ಬುಟ್ಟಿ ಹಿಡಿದು ಬರುತ್ತಿದ್ದರು. ಆದರೂ ಶಾಲೆಯ ಕಾಗದದಲ್ಲಿ ಮಕ್ಕಳ ಸಂಖ್ಯೆಯನ್ನು ನಮೂದಿಸಿ ಪಾದ್ರಿಯವರಿಗೆ ಮುಂಚಿತವಾಗಿ ಪತ್ರ ಬರೆಯಿರಿ. ಪೂಜೆಯ ಹೊತ್ತಿನಲ್ಲಿ ಹಿಂದಿನ ಸಾಲುಗಳಲ್ಲಿ ಕುಳಿತು, ಎಲ್ಲರೂ ಎದ್ದಾಗ ಎದ್ದರೆ ಸಾಕು. ಪಾದ್ರಿಯವರು ಪೂಜೆಯಲ್ಲಿ ಕ್ಯಾಥೊಲಿಕರಿಗೆ ಕೊಡುವ ಪರಮಪ್ರಸಾದ ಸ್ವೀಕರಿಸಲು ಮಾತ್ರ ಸಾಲಿನಲ್ಲಿ ಹೋಗಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಿ.

ಸೇಂಟ್ ಮೇರಿ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಅದನ್ನು ನಂಬಿ ಕಾರ್ಯಕ್ರಮ ಹಾಕಬೇಡಿ. ಜ್ವಾಲಾಮುಖಿಯ ಕರಗಿದ ಶಿಲೆ ತಣ್ಣಗಾಗುತ್ತ ಕಂಬಗಳಾಗಿ ಸೀಳಿದ ಆ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ನಿಜ, ಮಕ್ಕಳು ನೋಡಲೇಬೇಕಾದವು. ಆದರೆ ತೆನೆ ಹಬ್ಬವೋ ದ್ವೀಪವೋ ಎಂದು ಆರಿಸಬೇಕಾದರೆ ನಾನು ತೆನೆ ಹಬ್ಬವನ್ನೇ ಆರಿಸುತ್ತೇನೆ. ದ್ವೀಪಕ್ಕೆ ಡಿಸೆಂಬರಿನಲ್ಲಿ ಮನೆಯವರೊಡನೆ ಹೋಗಬಹುದು. ಇನ್ನೊಂದು ಎಚ್ಚರಿಕೆ: ಸೆಪ್ಟೆಂಬರಿನಲ್ಲಿ ಕೋಡಿಬೆಂಗ್ರೆಯ ಅಳಿವೆಯ ಸೆಳೆತ ಬಲವಾಗಿರುತ್ತದೆ. ಅಲ್ಲಿ ಯಾವ ಮಗುವನ್ನೂ ನೀರಿಗೆ ಇಳಿಯಲು ಬಿಡಬೇಡಿ, ರಸ್ತೆಯ ಮೇಲಿನಿಂದಲೇ ನೋಡಲಿ. ಹೊರಡುವ ದಿನ ನಿಶ್ಚಯವಾದ ಮೇಲೆ ಇಲ್ಲಿಯೇ ತಿಳಿಸಿ. ಕೆಮ್ಮಣ್ಣಿನಲ್ಲಿರುವ ನಮ್ಮ ಬಂಧುಗಳ ಅಂಗಳದಲ್ಲಿ ಮಕ್ಕಳ ಊಟಕ್ಕೆ ಏರ್ಪಾಡು ಮಾಡಿಸುತ್ತೇನೆ.